ಹಿತ್ತಲಿನ ಲ್ಯಾಬು

ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ನಮ್ಮ ಕಡೆ ಒಂದಷ್ಟು ಜನ ಧೂಳು ಎಬ್ಬಿಸಿ ದೊಡ್ಡವರಾದರು, ಇನ್ನೊಂದಷ್ಟು ಜನ ಆ ಧೂಳು ಒರೆಸಿ ಹೊಟ್ಟೆ ಹೊರೆದರು. ನಾನು ಒರೆಸುವವರ ಪೈಕಿ, ಅದೂ ಟೈ ಕಟ್ಟಿಕೊಂಡು. ಹೊಸಪೇಟೆಯ ಬಿಸಿಲಲ್ಲಿ ಟೈ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತವನನ್ನು ನೋಡಿ ಕೆಲವರು ಕಾನ್ವೆಂಟ್ ಮಾಸ್ತರ ಅಂದುಕೊಳ್ಳುತ್ತಿದ್ದರು, ಉಳಿದವರು ಪಾಪ ಅನ್ನುತ್ತಿದ್ದರು. ನೆಲ ಒರೆಸುವ, ಪಾತ್ರೆ ತೊಳೆಯುವ, ಬಟ್ಟೆ ಬಿಳಿ ಮಾಡುವ ಬಾಟಲಿಗಳನ್ನು ಮನೆಮನೆಗೆ ಹೊತ್ತು ಮಾರುವುದು ನನ್ನ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ‘ಏರಿಯಾ ಹೈಜೀನ್ ಆಫೀಸರ್’ ಎಂದಿತ್ತು. ಕಂಪನಿಗೆ ನಮ್ಮೂರಲ್ಲಿ ಆಫೀಸೇ ಇರಲಿಲ್ಲ. ಕಾರ್ಡಿನ ಕೆಳಗೆ ‘ಶಾಖಾ ಕಚೇರಿ’ ಎಂದು ಅಚ್ಚಾಗಿದ್ದ ವಿಳಾಸ ನಮ್ಮ ಮನೆಯದು.

ಆ ಶಾಖಾ ಕಚೇರಿಯ ಅಡುಗೆಮನೆಗೆ ಕಂಪನಿಯ ಒಂದು ಬಾಟಲಿಗೂ ಪ್ರವೇಶವಿರಲಿಲ್ಲ. ಅವ್ವ ಬಿಡುತ್ತಿರಲಿಲ್ಲ. ಪಾತ್ರೆಗೆ ಕಂಪ್ಲಿಯ ಅಕ್ಕಿ ಗಿರಣಿಯಿಂದ ತರಿಸಿ ಜರಡಿ ಹಿಡಿದ ಹೊಟ್ಟಿನ ಬೂದಿ, ಹಿತ್ತಾಳೆಗೆ ಹುಣಸೆಹಣ್ಣು, ರೇಷ್ಮೆ ಸೀರೆಗೆ ಅಂಟುವಾಳ ಕಾಯಿ ನೆನೆಸಿದ ನೀರು, ನೆಲಕ್ಕೆ ಬೇವಿನೆಲೆ ಕುದಿಸಿದ ನೀರು. ನಾನು ಒಮ್ಮೆ ಕೆಂಪು ಬಾಟಲಿಯ ಮುಚ್ಚಳ ತೆಗೆದು ಅವಳ ಮೂಗಿಗೆ ಹಿಡಿದೆ.

“ನೆಲ ಒರೆಸಿದ್ರ ಮನಿ ತುಂಬ ಗುಲಾಬಿ ವಾಸನಿ ಬರತೈತವ್ವ.”

“ನೆಲಕ್ಕ ಯಾಕಪಾ ಗುಲಾಬಿ ವಾಸನಿ? ಮ್ಯಾಲೆ ನಡಿಯೋದಲ್ಲೇನು?” ಅಂದಳು.

ಅವಳ ಬೂದಿ ಡಬ್ಬಿ ಕಂಡರೆ ನನಗೆ ಮೈ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ ಅದು ಸಿಟ್ಟಲ್ಲ, ನಾಚಿಕೆ. ಊರಿಗೆಲ್ಲ ಸ್ವಚ್ಛತೆಯ ಪಾಠ ಹೇಳುವವನ ತಾಯಿ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಬೂದಿ ಹಚ್ಚಿ ಕೊಳಗ ತಿಕ್ಕುವುದನ್ನು ಗಿರಾಕಿಗಳು ನೋಡಿದರೆ ಏನು ಗತಿ ಎಂದು ಹೆದರುತ್ತಿದ್ದೆ. ಹಾಗಾಗಿ ಕಾರ್ಡು ಕೊಟ್ಟವರಿಗೆಲ್ಲ, “ನೀವೇನ್ ಬರೋದು ಬ್ಯಾಡ್ರಿ, ನಾನೇ ಬರ್ತೀನಿ” ಎಂದು ಸೇರಿಸಿಬಿಡುತ್ತಿದ್ದೆ.

ಎರಡು ತಿಂಗಳಿಂದ ನನಗೆ ಒಂದು ದೊಡ್ಡ ಆರ್ಡರೂ ಸಿಕ್ಕಿರಲಿಲ್ಲ. ಈ ತಿಂಗಳೂ ಸಿಗದಿದ್ದರೆ ಬ್ಯಾಗು ವಾಪಸ್ ಕೊಟ್ಟು ಮನೆಯಲ್ಲಿರು ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದ. ಆ ಸಂಕಟದಲ್ಲಿ ಸಂಡೂರಿನ ಲಾರಿ ಮಾಲೀಕರೊಬ್ಬರ ಹೊಸ ಮನೆಗೆ ಹೋದೆ. ಇನ್ನು ಮೂರು ದಿನಕ್ಕೆ ಗೃಹಪ್ರವೇಶ. ನೆಲಕ್ಕೆಲ್ಲ ಬಿಳೀ ಟೈಲ್ಸು ಹಾಕಿಸಿದ್ದರು. ಎದುರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಬೆಳಿಗ್ಗೆ ಬೆಳ್ಳಗಿದ್ದ ನೆಲ ಮಧ್ಯಾಹ್ನಕ್ಕೆ ಕೆಂಪಾಗುತ್ತಿತ್ತು. ನಮ್ಮಂಥ ಏಜೆಂಟರಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗಲಾರದು.

ಮನೆಯೊಡತಿ ಓಣಿಯ ಹೆಂಗಸರನ್ನೂ ಕರೆಸಿದ್ದರು. ನಾನು ಟೈಲ್ಸಿನ ಮೇಲೆ ಒಂದು ಮುಚ್ಚಳ ಸುರಿದು ಒರೆಸಿ ತೋರಿಸಿದೆ. ನೆಲ ಲಕಲಕ ಅಂದಿತು. ಹೆಂಗಸರು ತಲೆದೂಗಿದರು. ಅಷ್ಟಕ್ಕೇ ಬ್ಯಾಗು ಕಟ್ಟಿಕೊಂಡು ಎದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನನಗೆ ಹುರುಪು ಬಂದಿತ್ತು. “ಮತ್ತ ಎಂಥಾ ಕಲಿ ಬಿದ್ದ ಬಟ್ಟಿ ಇದ್ರೂ ತರ್ರಿ ಅಕ್ಕಾರ” ಅಂದುಬಿಟ್ಟೆ.

ಆಕೆ ಒಳಗೆ ಹೋಗಿ ಜರಿ ಅಂಚಿನ ಒಂದು ಬಿಳಿ ಧೋತ್ರ ತಂದರು. ಗೃಹಪ್ರವೇಶದ ದಿನ ಗಂಡ ಉಟ್ಟು ಪೂಜೆಗೆ ಕೂರಲೆಂದು ಆಕೆಯ ತವರಿನಿಂದ ಬಂದದ್ದು. ಮಡಿಗೆಂದು ನೀರಲ್ಲಿ ಅದ್ದಿ ಮಾಳಿಗೆಯ ಮೇಲೆ ಒಣಹಾಕಿದ್ದರಂತೆ. ಅವರದೇ ಲಾರಿ ಎಬ್ಬಿಸಿದ ಧೂಳು ಅವರದೇ ಧೋತ್ರದ ಮೇಲೆ ಕೂತು ಅಂಗೈಯಗಲದ ನಾಲ್ಕೈದು ಕಲೆಗಳಾಗಿದ್ದವು.

ನಾನು ಬಟ್ಟೆ ಬಿಳಿ ಮಾಡುವ ಬಾಟಲಿ ಎತ್ತಿ, ಧಾರಾಳವಾಗಿ ಸುರಿದು, ಕೈಗಡಿಯಾರ ನೋಡುತ್ತಾ ನಿಂತೆ. ಐದು ನಿಮಿಷಕ್ಕೆ ತಿಳಿಗೆಂಪು ಹೋಗಿ ಹಳದಿ ಬಂತು. ಇನ್ನಷ್ಟು ಸುರಿದೆ. ಹಳದಿ ಗಟ್ಟಿಯಾಗಿ ಚಿತ್ರಾನ್ನದ ಬಣ್ಣ ಬಂತು. ಕೊನೆಗೆ ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಬಗ್ಗಿ ನೋಡಿದಳು.

“ಸರ, ಇದು ಕಾವಿ ಆಗಾಕತ್ತೈತಲ್ರಿ. ಗೃಹಪ್ರವೇಶದ ದಿನ ನಮ್ಮ ಸಾವಕಾರ್ರು ಸನ್ಯಾಸ ತಗೊಂತಾರೇನು?”

ಎಲ್ಲರೂ ನಕ್ಕರು, ಮನೆಯೊಡತಿಯೊಬ್ಬರನ್ನು ಬಿಟ್ಟು. ಆಕೆಯ ಕಣ್ಣಲ್ಲಿ ನೀರು ತುಂಬಿತ್ತು. “ನಮ್ಮಪ್ಪ ಬಂದು ಧೋತ್ರ ಎಲ್ಲಿ ಅಂದ್ರ ಏನ್ ಹೇಳ್ಲಿ?” ಎಂದು ಮೆಲ್ಲಗೆ ಕೇಳಿದರು. ಕೆಲಸ ಹೋಗುವುದು ಹಾಗಿರಲಿ, ಆ ಹೆಣ್ಣುಮಗಳ ಮುಖ ನೋಡಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: “ಹೊಸಪ್ಯಾಟ್ಯಾಗ ನಮ್ಮ ಲ್ಯಾಬ್ ಐತ್ರಿ ಅಕ್ಕಾರ. ದೊಡ್ಡ ಮಿಷಿನ್ ಐತಿ. ನಾಳೆ ಸಂಜೀಕ ಬೆಳ್ಳಗ ಮಾಡಿ ತರ್ತೀನಿ.”

ಒದ್ದೆ ಧೋತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಅವ್ವನ ಮುಂದೆ ಹಿಡಿದೆ. ಅವಳು ಬೈಯಲಿಲ್ಲ. ಬಟ್ಟೆಯನ್ನು ಮೂಸಿ ನೋಡಿದಳು.

“ಏನ್ ಕುಡಿಸಿದಿ ಇದಕ್ಕ?”

ಬಾಟಲಿ ತೋರಿಸಿದೆ.

“ಮೈನ್ಸ್ ಮಣ್ಣಿಗೆ ಇದನ್ನ ಹಾಕ್ತಾರೇನು? ಅದಕ್ಕ ಹುಳಿ ಬೇಕಲೇ. ನಿನ್ನ ಕಂಪನಿಯವರು ಈ ಊರಿನ ಧೂಳು ನೋಡ್ಯಾರೋ ಇಲ್ಲೋ?”

ವಾಸನೆ ಪೂರ್ತಿ ಹೋಗುವವರೆಗೆ ಏಳೆಂಟು ನೀರು ಹಿಂಡಿದಳು. ಜರಿ ಅಂಚನ್ನು ಸುರುಳಿ ಸುತ್ತಿ, ಮೇಲೆ ಹಳೇ ಬಟ್ಟೆ ಕಟ್ಟಿ, ಅದಕ್ಕೆ ಏನೂ ತಾಗದಂತೆ ಮಾಡಿದಳು. ಆಮೇಲೆ ಕಲೆಯ ಮೇಲೆ ಉಪ್ಪು ಹರಡಿ, ನಿಂಬೆಹಣ್ಣು ಹಿಂಡಿ, ಬಿಸಿಲಿಗೆ ಕಾದ ಒಗೆಯುವ ಕಲ್ಲಿನ ಮೇಲೆ ಹಾಸಿದಳು. ಒಣಗಿದ ಮೇಲೆ ತೊಳೆಯುವುದು, ಮತ್ತೆ ಉಪ್ಪು, ಮತ್ತೆ ನಿಂಬೆಹಣ್ಣು. ಮರುದಿನವೂ ಬೆಳಿಗ್ಗೆಯಿಂದ ಅದೇ. ನಾನು ಬಾಗಿಲಲ್ಲಿ ನಿಂತು ಎಷ್ಟು ಹೊತ್ತಾಗುತ್ತದೆ ಎಂದು ಕೇಳುತ್ತಿದ್ದೆ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಒಂದು ಜೀಪು ನಿಂತಿತು. ಸಂಡೂರಿನ ಅಕ್ಕಾರು ಇಳಿದರು. ಕೈಯಲ್ಲಿ ನನ್ನ ಕಾರ್ಡು.

“ಮನಸ್ಸು ತಡಿಲಿಲ್ರಿ, ನೋಡ್ಕಂಡು ಹೋಗೋಣಂತ ಬಂದೆ. ಶಾಖಾ ಕಚೇರಿ ಇದೇ ಏನ್ರಿ? ಲ್ಯಾಬ್ ಎಲ್ಲೈತಿ?”

ನಾನು ಬಾಗಿಲಿಗೆ ಅಡ್ಡ ನಿಂತು, ಮಿಷಿನ್ ಓಡುತ್ತಿದೆ, ಹೊರಗಿನವರು ಹೋಗುವಂತಿಲ್ಲ ಎಂದೇನೋ ಶುರು ಮಾಡಿದೆ. ಅಷ್ಟರಲ್ಲಿ ಹಿತ್ತಲಿಂದ ಅವ್ವ, “ಯಾರಪಾ ಅವರು, ಒಳಗ ಕರಿ” ಎಂದು ಕೂಗಿದಳು. ಆಕೆ ನನ್ನನ್ನು ದಾಟಿ ಸೀದಾ ಒಳಗೆ ನಡೆದರು.

ಹಿತ್ತಲಲ್ಲಿ ಒಂದು ಕಡೆ ಬೂದಿ ಹಚ್ಚಿಟ್ಟ ಪಾತ್ರೆಗಳು, ಇನ್ನೊಂದು ಕಡೆ ಹಿಂಡಿ ಬಿಸಾಡಿದ ನಿಂಬೆಹೋಳುಗಳ ಗುಡ್ಡೆ. ನಡುವೆ ಸೀರೆ ಮೇಲಕ್ಕೆ ಸಿಗಿಸಿಕೊಂಡು ಕೂತ ನನ್ನ ತಾಯಿ. ಕಲ್ಲಿನ ಮೇಲೆ ಧೋತ್ರ, ಕಲೆಗಳು ಮುಕ್ಕಾಲುಪಾಲು ಹೋಗಿದ್ದವು. ಅಕ್ಕಾರು ಅವಳನ್ನೂ ನನ್ನನ್ನೂ ತಿರುತಿರುಗಿ ನೋಡಿದರು.

“ಮಿಷಿನ್ ಅಂದಿದ್ರಲ್ರಿ?”

ಅವ್ವ ನನ್ನ ಮುಖ ನೋಡಿದಳು. ಅಕ್ಕಾರ ಕೈಯಲ್ಲಿದ್ದ ಕಾರ್ಡು ನೋಡಿದಳು. ಇಷ್ಟು ವರ್ಷ ನಾನು ಮುಚ್ಚಿಟ್ಟಿದ್ದೆಲ್ಲ ಈಗ ಬಯಲಾಗುತ್ತದೆ ಎಂದು ತಲೆ ತಗ್ಗಿಸಿದೆ.

“ಮಿಷಿನ್ನಿಗೆ ಹಾಕಿದ್ರ ಜರಿ ಕಿತ್ತೋಗತೈತ್ರಿ ಯವ್ವ. ಇದು ನನ್ನ ಮಗ ಕಂಪನ್ಯಾಗ ಕಲ್ತು ಬಂದಿದ್ದು. ಅವನೇ ಹೇಳಿಕೊಟ್ಟಾನ, ಹಂಗ ಮಾಡಾಕತ್ತೀನಿ. ನಾ ಮುದುಕಿ, ನನಗೇನ್ ಗೊತ್ತಿರ್ತೈತ್ರಿ? ಕುಂದ್ರಿ, ಮಜ್ಜಿಗಿ ಕೊಡ್ತೀನಿ.”

ಅಕ್ಕಾರು ಧೋತ್ರ ಎತ್ತಿ ಬಿಸಿಲಿಗೆ ಹಿಡಿದು ನೋಡಿದರು. ಮುಖ ಅರಳಿತು. ಮಜ್ಜಿಗೆ ಕುಡಿದು, ಸಂಜೆ ಧೋತ್ರ ತರುವಾಗ ನೆಲ ಒರೆಸುವ ಬಾಟಲಿ ಎರಡು ಡಜನ್ ತನ್ನಿ ಎಂದು ಹೇಳಿ ಜೀಪು ಹತ್ತಿದರು.

ಕೆಲಸ ಉಳಿಯಿತು. ಆದರೆ ಕುಣಿಯಬೇಕು ಅನ್ನಿಸಲಿಲ್ಲ. ತನ್ನ ಮನೆಯೊಳಗೆ ಒಂದು ಬಾಟಲಿಯನ್ನೂ ಬಿಟ್ಟುಕೊಳ್ಳದ ಹೆಂಗಸು, ಜೀವಮಾನವಿಡೀ ಕಲಿತದ್ದನ್ನು ಒಂದೇ ಮಾತಿನಲ್ಲಿ ನನ್ನ ಹೆಸರಿಗೆ ಬರೆದು, ತಾನು ಏನೂ ತಿಳಿಯದವಳಾಗಿ ಕೂತಿದ್ದಳು. ನನಗೆ ಅಳು ಬಂತು. ಹೋಗಿ ಅವಳ ಹಿಂದೆ ನಿಂತೆ.

ಅವಳು ತಿರುಗಿ ನೋಡದೆಯೇ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಒಂದು ನಿಂಬೆಹಣ್ಣು ಹೆಚ್ಚಿ ಅರ್ಧ ಹೋಳು ನನ್ನ ಕಡೆ ಚಾಚಿದಳು.

“ಬಾ, ಕುಂದ್ರು. ಈ ವಯಸ್ಸಿನಾಗ ನಿನ್ನ ಸಲುವಾಗಿ ಸುಳ್ಳು ಹೇಳೀನಿ. ಸಂಜಿಯೊಳಗ ಅದನ್ನ ಖರೇ ಮಾಡು.”