ಚಾಚಾ ಕಳಿಸಿದ ಡಬ್ಬಿ

ಅವರ ಎಡಗೈ ತುಂಬ ಕೂದಲು, ಬಲಗೈಯಲ್ಲಿ ಒಂದೂ ಇರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಆ ಕೈ ಬೆಳಗಿದ ತಾಮ್ರದ ತಂಬಿಗೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಸೌದಿಯಲ್ಲಿ ಒಬ್ಬ ತುರ್ಕಿಯವನ ಹೋಟೆಲಿನಲ್ಲಿ ಹನ್ನೆರಡು ವರ್ಷ ಬೆಂಕಿಯ ಪಕ್ಕ ನಿಂತು ಮಾಂಸ ಹೆರೆದ ಕೈ ಅದು. ಊರಿಗೆ ಬಂದ ಮೇಲೂ ಅದೇ ಕೆಲಸ ಹಿಡಿದರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ, ಮನೆಗಳು ಮುಗಿದು ಹೊಲ ಶುರುವಾಗುವ ಜಾಗದಲ್ಲಿ ಅವರ ತಗಡಿನ ಅಂಗಡಿ ಇತ್ತು. ಉದ್ದನೆಯ ಕಂಬಿಗೆ ಕೋಳಿ ಮಾಂಸವನ್ನು ಪದರ ಪದರವಾಗಿ ಏರಿಸಿ, ಬೆಂಕಿಯ ಮುಂದೆ ತಿರುಗಲು ಬಿಟ್ಟು, ಬೆಂದ ಭಾಗವನ್ನಷ್ಟೇ ಸಣ್ಣಗೆ ಹೆರೆದು ರೊಟ್ಟಿಯಲ್ಲಿ ಸುತ್ತಿ ಕೊಡುತ್ತಿದ್ದರು. ಅವರು ಅದನ್ನು ದೋನರ್ ಎನ್ನುತ್ತಿದ್ದರು. ಲಾರಿಯವರು ತಿರುಗೋ ಕಬಾಬು ಎನ್ನುತ್ತಿದ್ದರು. ಅವರಿಗೆ ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ. ರಸ್ತೆ ಬದಿಯ ಬೇವಿನ ಗಿಡಗಳ ಎಲೆಗಳು ಕೂಡ ಅದಿರಿನ ಧೂಳಿಗೆ ಕೆಂಪಗಿದ್ದವು. ಚಾಚಾ ದಿನಾ ಬಿಳಿ ಟೋಪಿ ಹಾಕಿಕೊಂಡು ಬರುವರು, ಸಂಜೆಯ ಹೊತ್ತಿಗೆ ಅದು ಇಟ್ಟಂಗಿಯ ಬಣ್ಣಕ್ಕೆ ತಿರುಗುವುದು. ಮಾಂಸದ ಮೇಲೆ ಮಾತ್ರ ಒಂದು ಕಣ ಧೂಳು ಬೀಳಲು ಬಿಡುತ್ತಿರಲಿಲ್ಲ. ಮೂರು ಕಡೆ ಒದ್ದೆ ಬಟ್ಟೆ ಇಳಿಬಿಟ್ಟು, ಗಂಟೆಗೊಮ್ಮೆ ಹಿಂಡಿ ಮತ್ತೆ ಕಟ್ಟುತ್ತಿದ್ದರು. ಗಡಿಬಿಡಿ ಮಾಡುವ ಡ್ರೈವರುಗಳಿಗೆ, "ಮಾಂಸ ತಿರುಗಲಿ, ನೀ ತಿರುಗಬ್ಯಾಡ. ಕುಂದ್ರು" ಎನ್ನುತ್ತಿದ್ದರು. ಒಂದು ಲಾರಿ ಹಾರ್ನ್ ಹೊಡೆದರೆ ಒಂದು ನಿಮಿಷ ಹೆಚ್ಚು ಕಾಯಿಸುತ್ತಿದ್ದರು.

ನಾನು ಅಲ್ಲಿಗೆ ಹೋಗಲೇಬಾರದಿದ್ದವನು. ನಮ್ಮದು ಲಿಂಗಾಯತ ಖಾನಾವಳಿ. ಅಪ್ಪ ತೀರಿದ ಮೇಲೆ ಅವ್ವ ರೊಟ್ಟಿ ಬಡಿದು ನನ್ನನ್ನೂ ತಮ್ಮನನ್ನೂ ಸಾಕಿದಳು. ನಾನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ರೊಟ್ಟಿ ಬುತ್ತಿಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಲಾರಿ ಆಫೀಸುಗಳಿಗೆ ಮುಟ್ಟಿಸತೊಡಗಿದೆ. ತಮ್ಮ ಅಡುಗೆ ಹಿಡಿದ. ಅವನ ಎಣ್ಣೆಗಾಯಿಗೆ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಿಂದ ಜನ ಬರುತ್ತಿದ್ದರು. ಬುತ್ತಿ ಕೊಟ್ಟು ವಾಪಸು ಬರುವ ದಾರಿಯಲ್ಲೇ ಚಾಚಾನ ಅಂಗಡಿ. ಆ ಕೊಬ್ಬು ಬೆಂಕಿಗೆ ತೊಟ್ಟಿಕ್ಕಿದಾಗ ಏಳುವ ವಾಸನೆಗೆ ಆರು ತಿಂಗಳು ಮೂಗು ಮುಚ್ಚಿಕೊಂಡು ಸೈಕಲ್ ತುಳಿದೆ. ಏಳನೆಯ ತಿಂಗಳು ಇಳಿದೆ.

ಮೊದಲ ದಿನ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಚಾಚಾ ನನ್ನ ಕೊರಳ ಶಿವದಾರ ನೋಡಿದರು, ಅದಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆಯನ್ನೂ ನೋಡಿದರು. ಕರಡಿಗೆಯೊಳಗೆ ಇಷ್ಟಲಿಂಗ ಇರುತ್ತದೆ ಎಂದು ಹೊಸಪೇಟೆಯಲ್ಲಿ ಹುಟ್ಟಿದ ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಚಾಕು ಕೆಳಗಿಟ್ಟರು. ಹೋಗು ಎನ್ನುತ್ತಾರೆ ಅಂದುಕೊಂಡೆ. ಅವರು ಒಳಗೆ ಹೋಗಿ ಸೌದಿಯಿಂದ ತಂದಿದ್ದ ಬಿಸ್ಕೆಟ್ ಡಬ್ಬಿಯೊಂದನ್ನು ತಂದರು. ಒಳಗೆ ಒಗೆದು ಮಡಚಿದ ಬಿಳಿ ಬಟ್ಟೆ ಹಾಸಿದ್ದರು.

"ನಿಮ್ಮವರು ಇನ್ನೂ ಇಬ್ಬರು ಮೂವರು ಬರ್ತಾರ, ಬೇಟಾ. ಅದನ್ನ ನೀನ ಇಡು, ನೀನ ತಗೋ. ನಾ ಮುಟ್ಟಂಗಿಲ್ಲ, ನಂದು ಮಾಂಸದ ಕೈ."

ನಾನು ಅದನ್ನು ಒಳಗಿಟ್ಟು ಡಬ್ಬಿಯ ಮುಚ್ಚಳ ಹಾಕಿ, ಅಂಗಡಿಯ ಇನ್ನೊಂದು ಮೂಲೆಯ ಎತ್ತರದ ಹಲಗೆಯ ಮೇಲೆ ಇಡುವ ತನಕ ಅವರು ಚಾಕು ಎತ್ತಲಿಲ್ಲ. ತಿಂದು ಮುಗಿದ ಮೇಲೆ ಸೋಪು ಕೊಟ್ಟರು, ನೀರು ಹಾಕಿದರು, ಬಾಯಿಗೆ ಎರಡು ಲವಂಗ ಕೊಟ್ಟರು. ಆಮೇಲೆಯೇ ಡಬ್ಬಿಯ ಕಡೆ ಕೈ ತೋರಿಸಿದರು. ನನ್ನ ತಪ್ಪಿಗೆ ನನಗಿಂತ ಹೆಚ್ಚು ಮಡಿ ಮಾಡಿದವರು ಅವರು. ಆ ರುಚಿಯನ್ನು ಹೇಗೆ ಹೇಳಲಿ. ಅಂಚು ಕರಕಲು, ಒಳಗೆ ಮೆತ್ತಗೆ, ನಿಂಬೆಹುಳಿ, ಬೆಳ್ಳುಳ್ಳಿ. ಕಣ್ಣು ಮುಚ್ಚಿ ತಿಂದೆ, ಕಣ್ಣು ತೆರೆದಾಗ ಅವ್ವನ ಮುಖ ಕಂಡಿತು. ಹಾಗಂತ ಬಿಡಲಿಲ್ಲ. ವಾರಕ್ಕೊಮ್ಮೆ ಇದ್ದದ್ದು ಎರಡು ಸಲ ಆಯಿತು.

ಒಂದು ಸಂಜೆ ತಿಂದು ಕೈ ತೊಳೆಯುತ್ತಿದ್ದೆ. ಕಂಪ್ಲಿಯ ನಮ್ಮ ಸೋದರಮಾವ ಸ್ಕೂಟರಿನಲ್ಲಿ ಬರುವುದು ಕಂಡಿತು. ಅವನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಅವ್ವನಿಗೆ ಅವನ ಮಾತೇ ಮಾತು. ನಾನು ಅಂಗಡಿಯ ಹಿಂದಿನಿಂದ ಸೈಕಲ್ ಎತ್ತಿಕೊಂಡು ಹೊಲದ ಬದುವಿನ ಮೇಲೆ ಓಡಿದೆ. ಮನೆ ಮುಟ್ಟಿ ಕೊರಳು ಮುಟ್ಟಿಕೊಂಡಾಗ ದಾರ ಇರಲಿಲ್ಲ. ಮಾವ ನಮ್ಮ ಮನೆಗೇ ಬಂದಿದ್ದ, ಅಂದು ಉಳಿದ. ಗುಂಡಿ ಹಾಕಿಕೊಂಡು ಮಲಗಿದೆ.

ಬೆಳಿಗ್ಗೆ ನಮ್ಮ ಮನೆಯಲ್ಲಿ ಸ್ನಾನ ಮಾಡಿ ಲಿಂಗಪೂಜೆ ಆಗದೆ ಯಾರೂ ಹನಿ ನೀರು ಬಾಯಿಗೆ ಹಾಕುವುದಿಲ್ಲ. ತಮ್ಮ ಬಚ್ಚಲಿಗೆ ಹೋಗುವಾಗ ದಾರ ಒದ್ದೆಯಾಗಬಾರದೆಂದು ಕರಡಿಗೆಯನ್ನು ಗೂಟಕ್ಕೆ ತೂಗುಹಾಕುವನು. ನಮ್ಮಿಬ್ಬರ ಕರಡಿಗೆಗಳೂ ಜೋಡಿ. ಅವ್ವ ತನ್ನ ಕಾಲ್ಗಡಗ ಕರಗಿಸಿ ಒಬ್ಬನೇ ಅಕ್ಕಸಾಲಿಗನ ಕೈಯಲ್ಲಿ ಮಾಡಿಸಿದವು. ತಮ್ಮ ಒಳಗೆ ನೀರು ಸುರಿದುಕೊಳ್ಳುತ್ತಿದ್ದ. ನಾನು ಗೂಟದಿಂದ ಅವನದನ್ನು ತೆಗೆದು ನನ್ನ ಕೊರಳಿಗೆ ಹಾಕಿಕೊಂಡೆ. ಅವ್ವನ ಎದುರು ಒಂದು ಗಳಿಗೆ ಸುಳಿದು, ಓಡಿ ಹೋಗಿ ನನ್ನದನ್ನು ತಂದು, ತಮ್ಮನದನ್ನು ಗೂಟಕ್ಕೆ ಹಾಕಿದರಾಯಿತು ಎಂಬುದು ಹೆದರಿದವನ ಲೆಕ್ಕ.

ಅಷ್ಟರಲ್ಲಿ ಬಾಗಿಲಿಗೆ ಆಟೊ ಬಂದು ನಿಂತಿತು. ಆಟೊದವನು ಎರಡೂ ಕೈಯಲ್ಲಿ ಆ ಬಿಸ್ಕೆಟ್ ಡಬ್ಬಿಯನ್ನು ಹಿಡಿದುಕೊಂಡಿದ್ದ.

"ಕಬಾಬ್ ಅಂಗಡಿ ಚಾಚಾ ಕೊಟ್ಟಾರ್ರಿ ಅವ್ವಾರ. ನಿಮ್ಮ ಹುಡುಗ ಬಿಟ್ಟು ಹೋಗ್ಯಾನಂತ. ಇದು ಇಲ್ಲದ ಅವ ನೀರೂ ಕುಡಿಯಂಗಿಲ್ಲ, ಹಸಗೊಂಡು ಕುಂತಿರ್ತಾನ, ಜಲ್ದಿ ಮುಟ್ಟಿಸು ಅಂದ್ರು."

ಇಷ್ಟೇ. ಚಾಚಾ ಯೋಚಿಸಿದ್ದು ನನ್ನ ಹಸಿವು ಒಂದನ್ನೇ.

ಅವ್ವ ಡಬ್ಬಿ ತೆರೆದಳು. ಮಾವ ಕುರ್ಚಿಯಿಂದ ಎದ್ದ. ಅವ್ವ ಮೊದಲು ನನ್ನ ಕೊರಳು ನೋಡಿದಳು, ದಾರ ಇತ್ತು. ಆಗ ತಮ್ಮ ಬಚ್ಚಲಿನಿಂದ ಬಂದ, ಮೈಯಿಂದ ನೀರಿಳಿಯುತ್ತಿತ್ತು, ಕೊರಳು ಬರಿದಾಗಿತ್ತು. ಅವನು ಗೂಟ ನೋಡಿದ. ಡಬ್ಬಿ ನೋಡಿದ. ಆಮೇಲೆ ನನ್ನನ್ನು ನೋಡಿದ, ಮುಖವನ್ನಲ್ಲ, ಕೊರಳ ದಾರವನ್ನು.

"ನಿಂದೇನಪ್ಪ ಇದು?" ಅವ್ವ ಕೇಳಿದಳು.

ಅವನು ಹೂಂ ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಡಬ್ಬಿಯಿಂದ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಹಾಕಿಕೊಂಡ. ನಾನು ಬಾಯಿ ತೆರೆಯಬೇಕಾದ ಗಳಿಗೆ ಅದು. ತೆರೆಯಲಿಲ್ಲ.

"ನನ್ನ ಹಂಚು ಮುಟ್ಟಬ್ಯಾಡ" ಅಂದಳು ಅವ್ವ. ಅವಳ ದನಿ ಏರಲಿಲ್ಲ. ಮಧ್ಯಾಹ್ನದೊಳಗೆ ಮಾವ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕಂಪ್ಲಿಗೆ ಕರೆದೊಯ್ದ. ಗಿರಣಿಯಲ್ಲಿ ಚೀಲ ಹೊಲಿಯುವ ಕೆಲಸಕ್ಕೆ.

ನಾನು ಯಾಕೆ ಸುಮ್ಮನಿದ್ದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಒಂದು. ಖಾನಾವಳಿಯ ಹೆಸರು ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡದ್ದು ಇನ್ನೊಂದು. ಆದರೆ ಬರೆಯಲು ಕುಳಿತ ಮೇಲೆ ಪೂರ್ತಿ ಬರೆಯಬೇಕು. ಮನೆಗೆ ಬಂದವರೆಲ್ಲ ತಮ್ಮನ ಕೈರುಚಿಯನ್ನೇ ಹೊಗಳುತ್ತಿದ್ದರು. ಬುತ್ತಿ ಹೊತ್ತು ತಿರುಗುವವನನ್ನು ಯಾರು ಹೊಗಳುತ್ತಾರೆ? ಅವನು ಸ್ಕೂಟರ್ ಹತ್ತಿದಾಗ ನನ್ನ ಎದೆಯ ಒಂದು ಮೂಲೆಯಲ್ಲಿ ಹಗುರವೆನಿಸಿತ್ತು. ಕಬಾಬು ತಿಂದದ್ದಕ್ಕಿಂತ ಆ ಹಗುರಕ್ಕೆ ನನಗೆ ಹೆಚ್ಚು ನಾಚಿಕೆ.

ನಾಲ್ಕನೆಯ ದಿನ ಖಾಲಿ ಡಬ್ಬಿ ವಾಪಸು ಕೊಡುವ ನೆಪದಲ್ಲಿ ಮತ್ತೆ ಚಾಚಾನ ಅಂಗಡಿಗೆ ಹೋದೆ. ನಾಲಿಗೆಗೆ ನಾಚಿಕೆ ಇಲ್ಲ. ಅವರು ಮೊದಲು ಕೇಳಿದ್ದು, ಡಬ್ಬಿ ಹೊತ್ತಿಗೆ ಸರಿಯಾಗಿ ಮುಟ್ಟಿತೇ, ಹೊಟ್ಟೆಗೆ ತಿಂದೆಯಾ ಎಂದು. ನಡೆದದ್ದನ್ನು ಹೇಳಿದೆ. ಹೇಳುತ್ತಾ ಹೋದಂತೆ ಅವರ ಚಾಕು ನಿಂತಿತು. ಮಾಂಸ ತಿರುಗಿ ತಿರುಗಿ ಒಂದು ಪದರ ಸೀದುಹೋಯಿತು. ಅವರ ಅಂಗಡಿಯಲ್ಲಿ ಸೀದ ವಾಸನೆ ಬಂದದ್ದು ಅದೊಂದೇ ಸಲ.

"ತಪ್ಪು ನಂದು. ಮನಿಗೆ ಕಳಿಸಬಾರದಿತ್ತು" ಅಂದರು. ತಾವೇ ಅವ್ವನ ಹತ್ತಿರ ಹೋಗಿ ಹೇಳುತ್ತೇನೆ ಎಂದು ಹೊರಟರು. ಬೇಡವೆಂದು ಅವರ ಕೈ ಹಿಡಿದುಕೊಂಡೆ. ಆಗ ನನ್ನ ಮುಂದಿದ್ದ ತಟ್ಟೆಯನ್ನು ಎತ್ತಿಬಿಟ್ಟರು.

"ತಿನ್ನೋದನ್ನ ಅಲ್ಲಾನೂ ಮಾಫ್ ಮಾಡ್ತಾನ, ನಿಮ್ಮ ಶಿವನೂ ಮಾಫ್ ಮಾಡ್ತಾನ. ತಮ್ಮನ್ನ ನುಂಗಿದ್ದು ಹೆಂಗ ಜೀರ್ಣ ಆಗ್ತದ ಬೇಟಾ? ಅವ ಮನಿಗೆ ಬರೋ ತನಕ ನನ್ನ ಕಡಿಂದ ನಿನಗ ಒಂದು ಚೂರೂ ಇಲ್ಲ."

ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ದಿನಾ ಅವರ ಅಂಗಡಿಯ ಮುಂದೆ ಸೈಕಲ್ಲಿನಲ್ಲಿ ಹೋಗುವೆ. ದಿನಾ ಅವರು ಚಾಕು ಎತ್ತಿ ಹಿಡಿದು, ಹೇಳಿದೆಯಾ ಎಂದು ಹುಬ್ಬಿನಲ್ಲೇ ಕೇಳುವರು. ನಾನು ತಲೆ ಅಲ್ಲಾಡಿಸುವೆ. ಚಾಕು ಕೆಳಗಿಳಿಯುವುದು. ಬೇರೆ ಕಡೆ ತಿಂದು ನೋಡಿದೆ, ರಬ್ಬರು ಅಗಿದಂತಾಯಿತು. ಮನೆಯಲ್ಲಿ ಎಣ್ಣೆಗಾಯಿ ಮಾಡಲು ನಾನೇ ನಿಂತೆ. ಗಿರಾಕಿಗಳು ಬದನೆಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿ ಉಪ್ಪಿನಕಾಯಿ ಕೇಳಿದರು. ದಿನಾ ಬೆಳಿಗ್ಗೆ ಅಂಗೈಯಲ್ಲಿ ತಮ್ಮನ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುವೆ. ಅದನ್ನು ನೋಡಲಾಗದೆ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇರುವೆ. ಭಕ್ತಿ ಹೆಚ್ಚಾಗಿದೆ ಎಂದುಕೊಂಡಳು ಅವ್ವ.

ಯುಗಾದಿಗೆ ಮುಂಚೆ ಒಂದು ದಿನ ಚಾಚಾನ ಅಂಗಡಿಗೆ ಬಾಗಿಲು ಹಾಕಿತ್ತು. ಹಬ್ಬದ ದಿನಗಳನ್ನು ಬಿಟ್ಟರೆ ಅದು ಎಂದೂ ಮುಚ್ಚಿದ್ದಲ್ಲ. ಮರುದಿನ ಅವರೇ ನನ್ನ ಸೈಕಲ್ ನಿಲ್ಲಿಸಿದರು. ಬಸ್ಸಿನಲ್ಲಿ ಕಂಪ್ಲಿಗೆ ಹೋಗಿ, ಗಿರಣಿ ಹುಡುಕಿ, ನನ್ನ ತಮ್ಮನ ಮುಂದೆ ನಿಂತು, ಡಬ್ಬಿ ಕಳಿಸಿದ ತಪ್ಪಿಗೆ ಮಾಫಿ ಕೇಳಿ ಬಂದಿದ್ದರು.

"ನಿನ್ನ ತಮ್ಮ ನನಗ ಚಾ ಕುಡಿಸಿದ. ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡ್ಲಿಲ್ಲ. ಭಾಳ ಸಿಟ್ಟು ಬಂತು ನನಗ, ಅವನ ಮ್ಯಾಲ ಅಲ್ಲ."

ಬುತ್ತಿಗಳನ್ನು ಅವರ ಅಂಗಡಿಯಲ್ಲೇ ಇಳಿಸಿ ಕಂಪ್ಲಿ ಬಸ್ಸು ಹತ್ತಿದೆ. ಅವತ್ತು ಲಾರಿ ಆಫೀಸಿನವರಿಗೆ ರೊಟ್ಟಿ ಹಂಚಿದ್ದು ಚಾಚಾ.

ತಮ್ಮ ತೌಡು ಮೆತ್ತಿಕೊಂಡು ಚೀಲಗಳ ನಡುವೆ ಕೂತಿದ್ದ. ನನ್ನ ಕೊರಳಿಂದ ಕರಡಿಗೆ ತೆಗೆದು ಅವನ ಮುಂದೆ ಹಿಡಿದೆ.

"ನನ್ನ ದಾರದ ಗಂಟು ನನಗ ಗೊತ್ತಿಲ್ಲೇನಣ್ಣ" ಅಂದ ಅವನು. "ನೀನ ಹೇಳ್ತಿ ಅಂತ ಕಾದೆ. ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ." ಆಮೇಲೆ ತನ್ನ ಕೊರಳಿನದನ್ನು ತೆಗೆದು ಕೈ ಒರೆಸಿಕೊಂಡು ನನಗೆ ಕೊಟ್ಟ. "ತಗೋ. ಒಂದು ದಿನಾನೂ ಪೂಜಿ ತಪ್ಪಿಸಿಲ್ಲ ನಿಂದು."

ಸಂಜೆ ಇಬ್ಬರೂ ಮನೆಗೆ ಬಂದೆವು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಗೂಟದಿಂದ ಕದ್ದದ್ದು, ಬಾಯಿ ಮುಚ್ಚಿದ್ದು, ಆ ಹಗುರ ಕೂಡ. ಅವಳ ಕೈ ನಿಲ್ಲಲಿಲ್ಲ. ಹಂಚಿನ ಮೇಲಿನ ರೊಟ್ಟಿ ಬೇಯಿಸಿ ಇಳಿಸುತ್ತ ಅಂದಳು:

"ತಿಂದಿದ್ದು ಒಂದು ದಿನಕ್ಕ ಹೋಗ್ತದ. ಆರು ತಿಂಗಳು ನನ್ನ ಮಗನ ಮುಖ ನೋಡದಂಗ ಮಾಡಿದ್ಯಲ್ಲ, ಅದು ಎಲ್ಲಿಗೆ ಹೋಗ್ತದ?"

ಆ ರೊಟ್ಟಿಯನ್ನು ತಮ್ಮನ ತಟ್ಟೆಗೆ ಹಾಕಿದಳು. ಅವನ ಕೈ ಹಿಡಿದು ಒಲೆಯ ಮುಂದೆ ಕೂರಿಸಿ, ಹಂಚು ಅವನ ಕಡೆ ಸರಿಸಿದಳು. ನನಗೆ ಒಂದು ವರ್ಷ ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ನ್ಯಾಯವೇ.

ಮರುವಾರ ಅವ್ವ ಚಾಚಾನನ್ನು ಊಟಕ್ಕೆ ಕರೆಸಿದಳು. ಅವರು ಹೊಸ ಟೋಪಿ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತರು. "ಒಳಗ ಬರ್ರಿ. ನನ್ನ ಮಗನ ಹಸಿವು ನೆನೆಸಿದವರು ನೀವು, ನಿಮ್ದೇನು ತಪ್ಪು, ಕುಂದ್ರಿ" ಎಂದು ತಾನೇ ಬಡಿಸಿದಳು. ತಮ್ಮನ ಎಣ್ಣೆಗಾಯಿಯನ್ನು ಚಾಚಾ ಎರಡು ಸಲ ಹಾಕಿಸಿಕೊಂಡರು. ಆಮೇಲೆ, ಹನ್ನೆರಡು ವರ್ಷ ಸೌದಿಯಲ್ಲಿ ಕಲಿತ ಕೆಲಸ ಈ ಬದನೆಕಾಯಿಯ ಮುಂದೆ ಸುಳ್ಳು ಎಂದರು. ಅಲ್ಲಿಂದ ಪ್ರತಿ ಶುಕ್ರವಾರ ನಮಾಜು ಮುಗಿಸಿ ನಮ್ಮಲ್ಲೇ ಊಟ.

ಕೆಲವು ವರ್ಷಗಳಲ್ಲಿ ಲಾರಿಗಳು ನಿಂತವು. ಒಂದೇ ಮಳೆಗಾಲಕ್ಕೆ ಬೇವಿನ ಎಲೆಗಳಿಗೆ ಹಸಿರು ಬಂತು. "ನೋಡು ಬೇಟಾ, ಸಂಜಿ ಆದ್ರೂ ಟೋಪಿ ಬಿಳೀನ ಐತಿ" ಎಂದು ಚಾಚಾ ನಕ್ಕರು. ಗಿರಾಕಿ ಇಲ್ಲದಿದ್ದರೂ ಸಣ್ಣ ಕಂಬಿಯೊಂದನ್ನು ತಿರುಗಿಸುತ್ತಲೇ ಇದ್ದರು. ಒಂದು ಚಳಿಗಾಲ ಎದೆನೋವು ಬಂದು ಎರಡೇ ದಿನದಲ್ಲಿ ಹೋದರು. ಕಬರಸ್ತಾನದಲ್ಲಿ ನಾನೂ ತಮ್ಮನೂ ಮೂರು ಮೂರು ಹಿಡಿ ಮಣ್ಣು ಹಾಕಿದೆವು. ಅವರ ಮಗಳು ಆ ಡಬ್ಬಿಯನ್ನು ನಮ್ಮ ಮನೆಗೆ ಕಳಿಸಿದಳು. ಒಳಗಿನ ಬಟ್ಟೆ ಒಗೆದು ಮಡಚಿದ್ದಿತ್ತು.

ನಾನು ಆ ಚಪಲ ಬಿಟ್ಟೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಬಸ್‌ಸ್ಟ್ಯಾಂಡಿನ ಹತ್ತಿರ ಈಗ ಅಂಥ ಅಂಗಡಿಗಳು ನಾಲ್ಕಿವೆ, ತಿಂಗಳಿಗೊಮ್ಮೆ ಕಾಲು ಅತ್ತ ಎಳೆಯುತ್ತದೆ. ಆದರೆ ಕದ್ದು ಹೋಗುವುದಿಲ್ಲ. ಡಬ್ಬಿ ನಮ್ಮ ಜಗಲಿಯ ಎತ್ತರದ ಹಲಗೆಯ ಮೇಲಿದೆ. ಅವ್ವನ ಎದುರಿಗೇ ಕೊರಳಿನದನ್ನು ತೆಗೆದು ಅದರಲ್ಲಿಟ್ಟು ಮುಚ್ಚಳ ಹಾಕುತ್ತೇನೆ. ಅವ್ವ ಮುಖ ಆ ಕಡೆ ತಿರುಗಿಸಿ ರೊಟ್ಟಿ ಬಡಿಯುತ್ತಾಳೆ. ಒಂದೇ ಒಂದು ಚೂರೂ ಬಾಯಿಗೆ ಹಾಕದ ನನ್ನ ತಮ್ಮ ಒಲೆಯ ಮುಂದಿನಿಂದ ಕೂಗುತ್ತಾನೆ:

"ಜಲ್ದಿ ಬಾರಣ್ಣ. ಮರೆತು ಎಲ್ಲ್ಯರೆ ಕುಂತಿ ಅಂದ್ರ, ಈ ಸಲ ಆಟೊದಾಗ ಡಬ್ಬಿ ನಾನ ಕಳಿಸ್ತೀನಿ."