ಟೇಬಲ್ ಫ್ಯಾನಿಗೆ ಕಟ್ಟಿದ ಮೌಸು

ಮೊನ್ನೆ ಹಳಿಯಾಳದಲ್ಲಿ ಮೊಬೈಲ್ ಅಂಗಡಿಯವ ನನ್ನ ಫೋನಿನ ಧೂಳಿಗೆ ಸ್ಪ್ರೇ ಹೊಡೆದ. ತಣ್ಣಗೆ, ಸಿಹಿಸಿಹಿಯಾದ ಒಂದು ವಾಸನೆ. ಅಷ್ಟೇ, ಫೋನು ಮರೆತೇಹೋಯಿತು. ಕಣ್ಣೆದುರು ನಮ್ಮ ಪಕ್ಕದ ಮನೆ ಚಾಚಾ...

ದಾಂಡೇಲಿಯ ಬಂಗೂರನಗರದಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ಪೊಲೀಸರು ಹಿಡಿದು ತಂದ ಕಂಪ್ಯೂಟರು ತೆರೆಯುವ ಲ್ಯಾಬಿನಲ್ಲಿ ದುಡಿದು, ನಿವೃತ್ತರಾಗಿ ಊರಿಗೆ ಬಂದಿದ್ದರು. ಕೂತಲ್ಲಿ ಕೂರುವ ಜೀವವಲ್ಲ. ಅರ್ಧ ಚಹಾ ನಮ್ಮ ಮನೆಯಲ್ಲಿ, ಉಳಿದರ್ಧ ಕಪ್ಪು ಹಿಡಿದುಕೊಂಡು ರಸ್ತೆಯಲ್ಲಿ.

ಚಿಗಳ್ಳಿಯಲ್ಲಿ ಅಕ್ಕನ ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ನಮ್ಮ ಜೊತೆ ಅವರೂ ಬಂದರು. ಭಾವನ ಫೋನು ಬೈಕಿನಡಿ ಪುಡಿಯಾಗಿತ್ತು. ಅಕ್ಕನ ಮಗಳದು ಒಂದೇ ಹಟ: "ಚಿಗವ್ವ, ಅಪ್ಪನ ಕಥಿ ಹಚ್ಚ." ಊರೂರು ತಿರುಗುವ ಕೆಲಸದ ಭಾವ ಮಗಳಿಗೆಂದು ಕಥೆ ಹೇಳಿ ರೆಕಾರ್ಡ್ ಮಾಡಿಡುತ್ತಿದ್ದರು. ಅವೆಲ್ಲ ಇದ್ದದ್ದು ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ. ಅದು ಚಾಲೂ ಇತ್ತು, ಆದರೆ ಲಾಕ್ ಆಗಿತ್ತು. ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ.

ಚಾಚಾ ಬಗ್ಗಿ ನೋಡಿದರು. "ವೈರ್ ಕೀಳಬ್ಯಾಡ್ರಿ. ಬ್ಯಾಟ್ರಿ ಸತ್ತೈತಿ. ಇದು ಚಾಲೂ ಇರೂತನಕ ಬೀಗದ ಕೈ ಒಳಗ ಇರತೈತಿ. ಬಂದ್ ಆತಂದ್ರ ಕರಗಿ ಹೋಗ್ತೈತಿ, ತಂಪ ಮಾಡಿದ್ರಷ್ಟ ಒಂದೀಟ ಹೊತ್ತ ನಿಲ್ಲತೈತಿ. ಆಮ್ಯಾಲ ನಾನೂ ಅಷ್ಟ, ನೀವೂ ಅಷ್ಟ."

ಲ್ಯಾಪ್‌ಟಾಪು ಮಲಗಬಾರದೆಂದು ಟೇಬಲ್ ಫ್ಯಾನಿನ ಕತ್ತಿಗೆ ದಾರದಿಂದ ಮೌಸು ಕಟ್ಟಿದರು. ಫ್ಯಾನು ಅತ್ತಿತ್ತ ತಿರುಗಿದಂತೆ ಮೌಸೂ ಸರಿದಾಡುತ್ತಿತ್ತು. ಅಕ್ಕನನ್ನು ಕೇಳಿ ಲ್ಯಾಪ್‌ಟಾಪಿನ ಹಿಂಬದಿಯ ಸ್ಕ್ರೂ ಸಡಿಲಿಸಿಟ್ಟು, ಧೂಳು ಹೊಡೆಯುವ ತಣ್ಣನೆಯ ಸ್ಪ್ರೇ ಹುಡುಕಿಕೊಂಡು ಮುಂಡಗೋಡಕ್ಕೆ ಓಡಿದರು.

ಸಾವಿನ ಮನೆಯಲ್ಲಿ ಟಿವಿ ಕೂಡ ಹಚ್ಚುವುದಿಲ್ಲ. ಭಾವನ ದೊಡ್ಡವ್ವ ಸಿಡುಕಿದಳು: "ಹೆಣಾ ಹೋದ ಮನ್ಯಾಗ ಇದೇನ ಆಟಾ ಹಚ್ಚೀರಿ?"

ಮಣ್ಣಿಗೆ ಹೋದವರು ಮರಳುವಷ್ಟರಲ್ಲಿ ಮನೆ ತೊಳೆದಿರಬೇಕು. ಚಾಚಾ ವಾಪಸ್ ಬಂದು ಹೊಸ್ತಿಲಲ್ಲಿ ಬೂಟು ಕಳಚುತ್ತಿದ್ದರು. ದೊಡ್ಡವ್ವ ಹಿತ್ತಲ ಬಾಗಿಲಿಂದ ಕೊಡಪಾನ ಹಿಡಿದು ಬಂದಳು. ನೆಲಕ್ಕೆ ನೀರು ಸುರಿಯುವ ಮುಂಚೆ, ಶಾಕ್ ಹೊಡೆದೀತೆಂದು ಪ್ಲಗ್ ಕಿತ್ತಳು.

ಪರದೆ ಕಪ್ಪಾಯಿತು.

"ಯಾ ಅಲ್ಲಾ!" ಒಂದೇ ಬೂಟಿನಲ್ಲಿ ಓಡಿದರು. ಲ್ಯಾಪ್‌ಟಾಪು ಬೋರಲು ಹಾಕಿ, ಮುಚ್ಚಳ ಕಿತ್ತು, ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ಸ್ಪ್ರೇ ಹೊಡೆದರು. ಮೆಮರಿಯ ಪಟ್ಟಿಯ ಮೇಲೆ ಬೆಳ್ಳಗೆ ಹಿಮ ಕೂತಿತು. "ಪ್ಲಗ್ ಹಚ್ಚ ಬೇಟಿ, ಲಗೂ!" ಮೆಮರಿಯಲ್ಲಿದ್ದುದನ್ನು ಇಳಿಸಿಕೊಳ್ಳಲು ತಮ್ಮ ಪೆನ್‌ಡ್ರೈವ್ ಚುಚ್ಚಿ ಮತ್ತೆ ಚಾಲೂ ಮಾಡಿದರು.

"ಬಂತೇನ್ರಿ ಚಾಚಾ?"

"ಬಾಯಿ ಮುಚ್ಚಿ ನಿಂದರ. ನಿನ್ನ ಬಿಸಿ ಉಸಿರಿಗೇ ಕರಗೀತು."

ದೊಡ್ಡವ್ವ ಕೊಡಪಾನ ಕೆಳಗಿಟ್ಟಳು. "ನಮ್ಮ ಹುಡುಗನ ದನಿ ನಾನ ಅಳಿಸಿದೆನೇನೋ ಯಪ್ಪಾ?"

"ಇಲ್ರೀ ಅವ್ವಾರ," ಅಂದರು ಚಾಚಾ, ತಲೆ ಎತ್ತದೆ. "ಇನ್ನೂ ತಂಪ ಐತಿ."

ಆ ಪೆನ್‌ಡ್ರೈವ್ ಮತ್ತು ಲ್ಯಾಪ್‌ಟಾಪು ಹಿಡಿದು ದಾಂಡೇಲಿಗೆ ಬಂದರು. ಗೋಡೆಯಾಚೆ ದಿನಗಟ್ಟಲೆ ಅವರ ಚಪ್ಪಲಿ ಸದ್ದು, ಅತ್ತಿಂದಿತ್ತ, ಇತ್ತಿಂದತ್ತ. ನಮಗೂ ನಿದ್ದೆಯಿಲ್ಲ. ಒಂದು ಬೆಳಿಗ್ಗೆ ಸದ್ದು ನಿಂತಿತು. ಬಾಗಿಲಲ್ಲಿ ಚಾಚಾ ನಿಂತಿದ್ದರು. "ಬೀಗದ ಕೈ ಅಲ್ಲಲ್ಲಿ ತುಕ್ಕ ಹಿಡದಿತ್ತ. ತಿಕ್ಕಿ ಹಾಕೇನಿ. ತಗೀತು." ಲ್ಯಾಪ್‌ಟಾಪಿನಿಂದ ಭಾವ ನರಿಯ ಕಥೆ ಶುರು ಮಾಡಿದರು.

ಚಾಚಾ ಈಗಿಲ್ಲ. ಅಕ್ಕನ ಮಗಳು ಈಚೆಗೆ ಕೇಳಿದಳು, "ಅವರ ದನಿ ನಿನ್ನ ಹತ್ರ ಐತೇನ?" ಇಡೀ ಫೋನು ಜಾಲಾಡಿದೆ. ಫೋಟೋಗಳಿವೆ, ಎಲ್ಲವೂ ಮಸುಕು. ಒಂದೆಡೆ ನಿಂತರಲ್ಲವೇ ಆ ಮನುಷ್ಯ! ದನಿ ಮಾತ್ರ ಒಂದೂ ಇಲ್ಲ.

ಹಳಿಯಾಳದಿಂದ ಬರುವಾಗ ಒಂದು ಸ್ಪ್ರೇ ಡಬ್ಬಿ ತಂದೆ. ಅವರ ಹಾಗೇ ತಲೆಕೆಳಗಾಗಿ ಹಿಡಿದು ಮೇಜಿನ ಮೇಲೆ ಹೊಡೆದೆ. ಹಿಮ ಕೂತಿತು. ನೋಡುತ್ತಿದ್ದಂತೆ ಕರಗಿತು... ಒದ್ದೆಯಾದ ಜಾಗವನ್ನು ಮುಟ್ಟಿ ನೋಡಿದೆ. ಇನ್ನೂ ತಂಪಿತ್ತು.