ನಮ್ಮವರ ಹಾಜರಿಗೆ ನನ್ನ ಸಹಿ

ಗೆಳೆಯರೇ, ಇವತ್ತು ತುಂಬಿದ ಕ್ಲಾಸಿನೆದುರು ನನ್ನ ಮಾನ ಹೋಯಿತು.

ನಾನೂ ನಮ್ಮವರೂ ಅಮೆರಿಕದ ಫ್ರೀಮಾಂಟ್‌ನಲ್ಲಿ ಜನರ ಟ್ಯಾಕ್ಸ್ ರಿಟರ್ನ್ ಮಾಡಿಕೊಡುವವರು. ಫೆಡರಲ್ ತೆರಿಗೆ ಕಾನೂನಿನಲ್ಲಿ ಏನೇನು ಬದಲಾಯಿತು ಅಂತ ಪ್ರತಿ ವರ್ಷ ಕ್ಲಾಸಿಗೆ ಕೂರಲೇಬೇಕು, ಇಲ್ಲದಿದ್ದರೆ ರಿಜಿಸ್ಟ್ರೇಷನ್ ರಿನ್ಯೂ ಆಗಲ್ಲ. ಬೆಳಿಗ್ಗೆ ಕ್ಲಾಸಿನ ಬಾಗಿಲಲ್ಲೇ ಇವರು, "ಪಾಲೋ ಆಲ್ಟೋದಲ್ಲಿ ಒಬ್ಬ ಕ್ಲೈಂಟ್‌ನ ನೋಡ್ಕೊಂಡು ಬರ್ತೀನಿ. ನನ್ನ ಪ್ರಾಕ್ಸಿ ಹಾಕ್ಬಿಡು, ಕಾಲೇಜಲ್ಲಿ ಹಾಕ್ತಿರ್ಲಿಲ್ವಾ?" ಅಂದರು. ಹಾಕಿದೆ.

ಹನ್ನೊಂದಕ್ಕೆ ಬಂದರು. ಬಂದವರು ತೆಪ್ಪಗೆ ಹಿಂದಿನ ಕುರ್ಚಿಯಲ್ಲಿ ಕೂರಬಾರದಾ? ಮಹಾ ಮರ್ಯಾದಸ್ಥರು, ನೇರ ಪಾಠ ಮಾಡುವಾಕೆಯ ಹತ್ತಿರ ಹೋಗಿ, "ಸಾರಿ, ಲೇಟಾಯ್ತು. ಎಲ್ಲಿ ಸೈನ್ ಮಾಡ್ಲಿ?" ಅಂತ ಕೇಳಿದರು.

ಆಕೆ ಹಾಜರಿ ಹಾಳೆ ನೋಡಿದರು. "ನೀವು ಎಂಟು ಗಂಟೆಗೇ ಬಂದಿದ್ದೀರಲ್ಲ?"

ಆಕೆ ಹಾಳೆಯನ್ನು ಇವರ ಮುಂದೆ ಹಿಡಿದರು.

"ಹಾಗಾದರೆ ಇದು ಯಾರ ಸಹಿ?"

ಇವರು ನನ್ನ ಕಡೆ ನೋಡಿದರು. ಬರೀ ನೋಡಿದ್ದಲ್ಲ, ಕೈ ಮಾಡಿ ತೋರಿಸಿದರು. "ನನ್ನ ಹೆಂಡತಿ ಹಾಕಿರಬೇಕು. ನನಗೇನೂ ಗೊತ್ತಿಲ್ಲ."

ಆಕೆ ಪೆನ್ನು ತೆಗೆದು ಇಬ್ಬರ ಹೆಸರನ್ನೂ ಹೊಡೆದು ಹಾಕಿದರು. ಇನ್ನು ನಾವಿಬ್ಬರೂ ಇಡೀ ಕ್ಲಾಸಿಗೆ ಮತ್ತೆ ಮೊದಲಿಂದ ಕೂರಬೇಕು.

ಆಗ ಪರದೆ ಮೇಲೆ ಯಾವ ಪಾಠ ಇತ್ತು ಗೊತ್ತಾ? ಗಂಡ ಹೆಂಡತಿ ಸೇರಿ ಕೊಟ್ಟ ರಿಟರ್ನಿನಲ್ಲಿ ಒಬ್ಬರು ಸುಳ್ಳು ಬರೆದಿದ್ದರೆ, ನಿಜವಾಗಿಯೂ ಗೊತ್ತಿಲ್ಲದ ಇನ್ನೊಬ್ಬರಿಗೆ ಕಾನೂನು ದಂಡದಿಂದ ಕೊಡುವ ವಿನಾಯಿತಿ.

ಎಂಟರಿಂದ ಕೂತು ಕೇಳಿದವಳು ನಾನು. ಒಂದಕ್ಷರ ಕೇಳದೆ ಕಲಿತುಬಿಟ್ಟವರು ಇವರು.